ಕೀಲಿ ‘ಸಿಕ್ಕಿದೆ’ ಅಂದ್ರೆ ಯಾವ ಅರ್ಥ?

ಎಲ್ಲರಿಗೂ ನಮಸ್ಕಾರ.

ಹಳೇ ಬೀಗಗಳನ್ನು ಬಿಚ್ಚಿ ಜೋಡಿಸುವುದು ನನ್ನ ಹವ್ಯಾಸ. ಗುಜರಿ ಅಂಗಡಿಯಿಂದ ತಂದಿದ್ದನ್ನು ಮುಂದಿಟ್ಟುಕೊಂಡು ಭಾನುವಾರ ಪೂರ್ತಿ ಕೂತಿರುತ್ತೇನೆ. ಆದರೆ ಈ ಸಲ ತೊಡಕಾಗಿರುವುದು ಬೀಗದಲ್ಲಲ್ಲ, ಪದದಲ್ಲಿ.

ಹೋದ ವಾರ ನಮ್ಮ ಮುಂಬಾಗಿಲಿಗೇ ಕೀ ಹಾಕಿ ತಿರುಗಿಸಿದೆ. ಅರ್ಧಕ್ಕೆ ನಿಂತಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಆಫೀಸಿನಲ್ಲಿದ್ದ ಹೆಂಡತಿಗೆ ‘ಕೀಲಿ ಬಾಗಿಲಲ್ಲೇ ಸಿಕ್ಕಿದೆ’ ಎಂದು ಮೆಸೇಜ್ ಹಾಕಿದೆ. ‘ಸದ್ಯ! ಬೆಳಿಗ್ಗೆಯಿಂದ ಬ್ಯಾಗೆಲ್ಲಾ ತಡಕಾಡಿದೆ’ ಎಂದು ಉತ್ತರ ಬಂತು. ಅವಳ ಕೀ ಕಾಣೆಯಾಗಿತ್ತಂತೆ.

ತಪ್ಪು ನನ್ನದೇ. ‘ಸಿಕ್ಕು’ ಅಂದರೆ ದೊರೆಯುವುದೂ ಹೌದು, ತೊಡಕಿಗೆ ಬೀಳುವುದೂ ಹೌದು. ‘ಸಿಕ್ಕಿಕೊಂಡಿದೆ’ ಎಂದು ಬರೆದಿದ್ದರೆ ಮುಗಿದಿತ್ತು. ಒಂದು ‘ಕೊಳ್ಳು’ ಸೇರಿದ ಕೂಡಲೇ ಅದೃಷ್ಟ ಹೋಗಿ ಫಜೀತಿ ಬರುತ್ತದೆ, ನೋಡಿ.

ಅಷ್ಟರಲ್ಲಿ ಒಳಗಿದ್ದ ಅತ್ತೆ ಬಾಗಿಲ ಹತ್ತಿರ ಬಂದು ಕೇಳಿದರು: ‘ಯಾಕ, ಕೀಲಿ ಚಾವಿ ಬಿಡವಲ್ದೇನು?’ ಅವರು ಧಾರವಾಡದವರು. ಅವರಿಗೆ ಕೀಲಿ ಅಂದರೆ ಬೀಗ, ಅದನ್ನು ತೆಗೆಯುವುದು ಚಾವಿ. (ಚಾವಿ ಪೋರ್ಚುಗೀಸರಿಂದ ಬಂದ ಪದ.) ಮೈಸೂರಿನವನಾದ ನನಗೆ ಕೀಲಿ ಅಂದರೆ ಕೈಯಲ್ಲಿ ಹಿಡಿಯುವ ಸಾಮಾನೇ. ಮದುವೆಯಾದ ಹೊಸತರಲ್ಲಿ ‘ಕೀಲಿ ತಗೊಂಡು ಬಾ’ ಅಂದದ್ದಕ್ಕೆ ಕೀ ಕೊಟ್ಟು ನಗೆಪಾಟಲಾಗಿದ್ದೆ.

ಆದರೆ ನನ್ನ ತಲೆಯಲ್ಲಿ ಕೂತದ್ದು ಆ ‘ಬಿಡವಲ್ದು’. ಬಿಡಲು ಒಲ್ಲದು. ನಾನು ‘ಕೀ ಬರ್ತಿಲ್ಲ’ ಅನ್ನುವಾಗ ದೂರು ಕೀ ಮೇಲೆ. ಅತ್ತೆಯ ಮಾತಲ್ಲಿ ಹಟ ಹಿಡಿದಿರುವುದು ಬೀಗ. ಬೀಗ ಬಿಚ್ಚಿ ನೋಡಿದವನಾಗಿ ಹೇಳುತ್ತೇನೆ, ಅತ್ತೆಯ ವ್ಯಾಕರಣವೇ ಸರಿ.

ಯಾಕೆಂದರೆ ಈಗಿನ ಬಾಗಿಲುಗಳಲ್ಲಿ ಜಾಸ್ತಿ ಕಾಣುವುದು ಪಿನ್ ಬೀಗ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ, ಮತ್ತೆ 1865ರಲ್ಲಿ ಪೇಟೆಂಟ್ ಪಡೆದ ಬಗೆಯದು. ಒಳಗೆ ತಿರುಗುವ ಒಂದು ಉರುಳೆ, ಅದರ ತೂತುಗಳಲ್ಲಿ ಸಾಲಾಗಿ ಪುಟ್ಟ ಪಿನ್ನುಗಳು, ಹಿಂದೆ ಸ್ಪ್ರಿಂಗು. ಕೀ ಒಳಗೆ ಹೋಗುವಾಗ ಪಿನ್ನುಗಳು ಅದರ ಏರುತಗ್ಗಿನ ಮೇಲೆ ಹತ್ತಿ ಇಳಿಯುತ್ತವೆ. ಉರುಳೆ ಸ್ವಲ್ಪ ತಿರುಗಿತೋ, ಪಿನ್ನಿನ ನೆತ್ತಿಗೆ ಹೊರಗಿನ ಕವಚದ ಗೋಡೆ ಅಡ್ಡ ಬರುತ್ತದೆ. ಮೇಲೆ ಏಳಲು ಜಾಗವಿಲ್ಲ. ಕೀ ತಗ್ಗುಗಳಲ್ಲಿ ಕೂತು ಹಿಡಿದುಬಿಡುತ್ತವೆ. ಆಗ ಎಷ್ಟು ಜಗ್ಗಿದರೂ ಬರುವುದಿಲ್ಲ, ಜೋರು ಮಾಡಿದರೆ ಮುರಿಯುತ್ತದೆ. ಮೊದಲು ಕೀ ಹೊಕ್ಕ ನೇರಕ್ಕೇ ಉರುಳೆಯನ್ನು ತರಬೇಕು, ಆಮೇಲೆ ಎಳೆಯಬೇಕು.

ನಮ್ಮದರಲ್ಲಿ ಅಸಲು ಕಳ್ಳ ಬಾಗಿಲು. ಮಳೆಗೆ ಮರ ಉಬ್ಬಿ, ಬೋಲ್ಟು ಚೌಕಟ್ಟಿನ ತೂತಿಗೆ ಒತ್ತಿಕೊಂಡಿತ್ತು. ಎಡಗೈಯಲ್ಲಿ ಬಾಗಿಲನ್ನು ನನ್ನ ಕಡೆ ಎಳೆದು ಹಿಡಿದು, ಬಲಗೈಯಲ್ಲಿ ಮೆಲ್ಲಗೆ ಕೀ ಹಿಂದಕ್ಕೆ ತಿರುಗಿಸಿದೆ. ‘ಟಕ್’ ಅಂತು, ಬಂತು. ಅತ್ತೆ ಕೊಬ್ಬರಿ ಎಣ್ಣೆ ಬಟ್ಟಲು ಹಿಡಿದು ನಿಂತಿದ್ದರು, ಬೇಡ ಅಂದೆ. ಎಣ್ಣೆಗೆ ಧೂಳು ಕೂತು ಆಮೇಲೆ ಅಂಟಾಗುತ್ತದೆ. ಪೆನ್ಸಿಲ್ ಸೀಸದ ಪುಡಿ ಊದಿದರೆ ಸಾಕು.

ನಮ್ಮ ಬೀದಿಯ ಡೂಪ್ಲಿಕೇಟ್ ಕೀ ಮಾಡುವವರು ಇದಕ್ಕೆ ‘ಕಚ್ಕೊಂಡಿದೆ ಸಾರ್’ ಅನ್ನುತ್ತಾರೆ. ನನಗೆ ಇದೇ ಹೆಚ್ಚು ಇಷ್ಟ. ಹಲ್ಲು ಅನ್ನುವುದು ಕೀಗೆ, ಆದರೆ ಕಚ್ಚುವುದು ಬೀಗ! ಬರೀ ‘ಜಾಮ್ ಆಗಿದೆ’ ಅಂದರೆ ತುಕ್ಕೋ, ಧೂಳೋ, ಹಿಡಿತವೋ ಒಂದೂ ಗೊತ್ತಾಗುವುದಿಲ್ಲ.

ಈಗ ನನ್ನ ಪ್ರಶ್ನೆಗಳು. ಕೀ ಮುರಿದು ಚೂರು ಒಳಗೇ ಉಳಿದರೆ, ಅದನ್ನು ಸಣ್ಣ ಗರಗಸದ ಬ್ಲೇಡಿನ ಹಲ್ಲಿಗೆ ಸಿಗಿಸಿ ಹೊರಗೆ ತರುತ್ತೇವೆ. ಈ ಕೆಲಸಕ್ಕೆ ಯಾವ ಕ್ರಿಯಾಪದ ಸರಿ? ‘ಕೀಳು’ ಅಂದರೆ ಬಲ ಜಾಸ್ತಿಯಾಯಿತು. ‘ಮೀಟು’ ಅಂದರೆ ಎಬ್ಬಿಸಿದಂತೆ, ಎಳೆದಂತೆ ಆಗುವುದಿಲ್ಲ. ಮುಳ್ಳು ತೆಗೆಯುವಾಗ ನಿಮ್ಮ ಊರಲ್ಲಿ ಏನನ್ನುತ್ತೀರಿ? ಅದೇ ಇಲ್ಲಿಗೂ ಹೊಂದಬಹುದು ಅಲ್ವಾ?

ಇನ್ನೊಂದು. ಕೆಲವು ಬೀಗಗಳಿವೆ, ಕೊಂಡಿ ತೆರೆದಿರುವಷ್ಟು ಹೊತ್ತೂ ಕೀ ಹೊರಗೆ ಬರುವುದಿಲ್ಲ. ಕೆಟ್ಟಿರುವುದಲ್ಲ, ಮಾಡಿರುವುದೇ ಹಾಗೆ, ಬೀಗ ಹಾಕದೆ ಕೀ ಜೇಬಿಗೆ ಹಾಕಿಕೊಂಡು ಹೋಗದಿರಲಿ ಅಂತ. ಮೊದಲ ಸಲ ಅಂಥದ್ದು ಕೈಗೆ ಬಂದಾಗ ಸುಮ್ನೆ ಅರ್ಧ ಗಂಟೆ ಗುದ್ದಾಡಿದ್ದೆ. ಕರಾವಳಿಯಲ್ಲಾಗಲಿ, ಬೀದರಿನ ಕಡೆಯಾಗಲಿ, ಅಂಗಡಿಯಲ್ಲಿ ಈ ಬೀಗವನ್ನು ಏನೆಂದು ಕೇಳಿ ಕೊಳ್ಳುತ್ತಾರೆ?