ಪದಚರ್ಚೆ: ಮಕ್ಕಳ ಚಿತ್ರಕಲೆಯ ಹಾಳೆಗೆ ‘ಪ್ಯಾಟರ್ನ್’ ಎಂಬುದಕ್ಕೆ ಯಾವ ಪದ?

ಮಾನ್ಯರೇ,

ಬೆಂಗಳೂರಿನ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಆರೇಳು ವರ್ಷದ ಮಕ್ಕಳಿಗಾಗಿ ನಡೆಯುವ ಚಿತ್ರಕಲೆಯ ತರಗತಿಗೆ ಚಟುವಟಿಕೆ ಹಾಳೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಶುಕ್ರವಾರ ಅವು ಅಚ್ಚಿಗೆ ಹೋಗಬೇಕು. ‘ಲೈನ್’ ಎಂಬುದಕ್ಕೆ ಗೆರೆ, ರೇಖೆಗಳಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ‘ಪ್ಯಾಟರ್ನ್’ ಎಂಬುದಕ್ಕೆ ಏನೆನ್ನಲಿ? ‘ಮಾದರಿ’ ಎಂದು ಹೇಳಿ ನೋಡಿದೆ. ಮಕ್ಕಳು ನಾನು ಹಲಗೆಯ ಮೇಲೆ ಬರೆದದ್ದನ್ನೇ ನಕಲು ಮಾಡಿದರು. ಅದೇ ದಿನ ಬೆಂಡೆಕಾಯಿಯ ತುಂಡನ್ನು ಬಣ್ಣದಲ್ಲಿ ಅದ್ದಿ ಕೆಂಪು, ನೀಲಿ, ಕೆಂಪು, ನೀಲಿ ಎಂದು ಒತ್ತುತ್ತಿದ್ದ ಹುಡುಗಿಯೊಬ್ಬಳು ಸಾಲಿನ ನಡುವೆ ಕೈ ತಡೆದು, ‘ಈಗ ಕೆಂಪೇ ಬರಬೇಕು, ಅಲ್ವಾ ಮಿಸ್?’ ಎಂದಳು. ಅವಳ ಆ ‘ಬರಬೇಕು’ ಎಂಬುದಕ್ಕೆ ಹೆಸರು ಬೇಕು.

ಮರುಪತ್ರ 1

ಗೆರೆ. ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ಗೀರು, ಗೀಚು, ಗೆರೆ ಒಂದೇ ಬಳ್ಳಿಯ ಮಾತುಗಳು. ಮಗುವಿನ ಕೈ ಮೊದಲು ಮಾಡುವುದೂ ಗೀಚುವ ಕೆಲಸವನ್ನೇ. ರೇಖೆಯನ್ನು ರೇಖಾಗಣಿತಕ್ಕೆ ಬಿಡಿ. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿವೆ. ಮೆಟ್ಟಿಲಿನಂತೆ ತಿರುತಿರುಗಿ ಸಾಗುವ ಮುರ್ಗಿಯಲ್ಲಿರುವುದು, ನನ್ನ ಎಣಿಕೆಯಲ್ಲಿ, ಬಾಗು ಎಂಬ ಅರ್ಥದ ಹಳಗನ್ನಡದ ‘ಮುರಿ’. ಹಾಗಿರುವಾಗ ಅಂಕುಡೊಂಕಾದ ಗೆರೆಯನ್ನು ‘ಮುರಿಗೆರೆ’ ಎನ್ನಲು ಏನಡ್ಡಿ? ‘ಪ್ಯಾಟರ್ನ್’ ಎಂಬುದಕ್ಕೆ ಚಿತ್ತಾರ ಎನ್ನಿ. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಎಳೆಯ ಪಕ್ಕಕ್ಕೆ ಎಳೆ ಇಟ್ಟು ಬರೆಯುವ ಹಸೆ ಚಿತ್ತಾರವಿರುವಾಗ ಬೇರೆ ಪದ ಹುಡುಕಬೇಕಾಗಿಲ್ಲ. ‘ವಿನ್ಯಾಸ’ ಕಚೇರಿಯ ಮಾತು, ಬೇಡ.

ಮರುಪತ್ರ 2

ಒಪ್ಪಲಾರೆ. ‘ಚಿತ್ತಾರ’ವೂ ಸಂಸ್ಕೃತದ ‘ಚಿತ್ರ’ಕ್ಕೆ ನಂಟಾದದ್ದೇ, ರೇಖೆಯನ್ನು ಹೊರಗಟ್ಟಿ ಇದನ್ನು ಒಳಗೆ ಕರೆದುಕೊಳ್ಳುವುದು ಯಾವ ನ್ಯಾಯ? ಪಾರಸಿಯಿಂದ ಬಂದ ನಮೂನೆಯನ್ನು ನಮ್ಮ ಅಜ್ಜಿಯರೂ ಆಡಿದ್ದಾರೆ. ತಂದ ಮಾತುಗಳನ್ನೆಲ್ಲ ಹಿಂದಿರುಗಿಸುತ್ತ ಕುಳಿತರೆ ಮಕ್ಕಳ ಹಾಳೆ ಖಾಲಿಯೇ ಉಳಿಯುತ್ತದೆ. ಗೋಡೆಯ ಮೇಲಿನ ಒಂಟಿ ನವಿಲೂ ಚಿತ್ತಾರವೇ ಆಗಬಹುದಾದ್ದರಿಂದ ಆ ಹುಡುಗಿಯ ‘ಬರಬೇಕು’ ಅದರಲ್ಲಿಲ್ಲ. ಅದು ರಂಗೋಲಿಯಲ್ಲಿದೆ: ‘7ರಿಂದ 4ರವರೆಗೆ ಸಂದು ಚುಕ್ಕಿ’ ಎಂದರೆ ನಡುವಿನ ಸಾಲಿಗೆ 7, ಆಮೇಲೆ ಅದರ ಎರಡೂ ಬದಿಗೆ ಸಂದುಗಳಿಗೆ ಸರಿಯಾಗಿ 6, 5, 4 ಎಂದು ಹೇಳದೆಯೇ ಕೈಗೆ ಗೊತ್ತಾಗುತ್ತದೆ. ‘ನ್ಯಾಸ’ ಎಂದರೆ ಇಡುವುದು, ನಾವು ರಂಗೋಲಿಯನ್ನು ‘ಇಡುತ್ತೇವೆ’. ವಿನ್ಯಾಸವನ್ನು ಕಚೇರಿಯವರಿಗೇ ಬಿಟ್ಟುಕೊಡಬೇಕಾಗಿಲ್ಲ. ‘ಗೆರೆ’ಯ ವಿಷಯದಲ್ಲಿ ಮಾತ್ರ ಮೇಲಿನವರ ಮಾತು ಸರಿ. ಹಾಳೆಯ ತಲೆಬರಹಕ್ಕೆ ‘ಮರಳಿ ಬರುವ ವಿನ್ಯಾಸ’ ಎಂದು ಹಾಕಿ, ಅದರ ಕೆಳಗೆ ಬೆಂಡೆಕಾಯಿಯ ಅಚ್ಚಿನ ಅರ್ಧ ಸಾಲನ್ನು ಮುದ್ರಿಸಿ, ‘ಮುಂದೆ ಯಾವುದು ಬರಬೇಕು?’ ಎಂದು ಕೇಳಿ.