ಸೋನಾರ್ ತುಂಬಾ ಮೀನು, ಗಾಳಕ್ಕೆ ಒಂದೂ ಇಲ್ಲ: ಟೆಕ್ಸೋಮಾ ಸರೋವರದ ಸ್ಟ್ರೈಪರ್

ಖಾಲಿಬುಟ್ಟಿ:
ಮೂರು ಶನಿವಾರ ಹೋಯಿತು. ಮೂರೂ ಸಲ ನಸುಕಿನ ನಾಲ್ಕಕ್ಕೆ ಎದ್ದು, ಡಲ್ಲಾಸ್‌ನಿಂದ ದೋಣಿ ಎಳೆದುಕೊಂಡು ಟೆಕ್ಸಸ್-ಒಕ್ಲಹೋಮಾ ಗಡಿಯ ಟೆಕ್ಸೋಮಾಕ್ಕೆ ಸ್ಟ್ರೈಪರ್ (ಮೈಮೇಲೆ ಪಟ್ಟೆಯಿರುವ ಬಾಸ್ ಮೀನು) ಹಿಡಿಯಲು ಹೋಗಿದ್ದೇನೆ. ಸೋನಾರ್ (ಸದ್ದಿನಿಂದ ನೀರೊಳಗಿನ ಮೀನು ತೋರಿಸುವ ಯಂತ್ರ) ಪರದೆಯ ಮೇಲೆ ಮೀನೆಂದರೆ ಮೀನು. ಒಂದೊಂದು ಮೀನೂ ಅದರಲ್ಲಿ ಒಂದು ಕಮಾನು. ಕಮಾನಿನ ಮೇಲೆ ಕಮಾನು, ತೇರಿನ ಹಿಂದೆ ಜನ ನುಗ್ಗಿದ ಹಾಗೆ. ಗಾಳಕ್ಕೆ ಶ್ಯಾಡ್ ಎಂಬ ಸಣ್ಣ ಮೀನನ್ನು ಜೀವಂತ ಚುಚ್ಚಿ ಇಳಿಸಿದರೆ ಒಂದೂ ಮೂಸುವುದಿಲ್ಲ. ಅಷ್ಟರಲ್ಲಿ ಇನ್ನೂರು ಅಡಿ ಆಚೆ ಬಾಡಿಗೆ ಗೈಡ್ ಒಬ್ಬರ ದೋಣಿಯಲ್ಲಿ ಚಿಕ್ಕ ಮಕ್ಕಳು ಕೇಕೆ ಹಾಕುತ್ತಾ ಸ್ಟ್ರೈಪರ್ ಎಳೆದುಕೊಳ್ಳುತ್ತಿದ್ದರು. ಮೊದಲ ಎರಡು ವಾರ ಮಸಾಲೆ ಅರೆದಿಟ್ಟು ಕಾದಿದ್ದ ನನ್ನ ಹೆಂಡತಿ ಈ ವಾರ ಕೇಳದೆಯೇ ಬೇಳೆ ಸಾರು ಮಾಡಿಬಿಟ್ಟಿದ್ದಳು. ಸಲಕರಣೆ ಎಲ್ಲವೂ ಸರಿಯಾಗಿದೆ. ತಪ್ಪು ಎಲ್ಲಿದೆ ಹೇಳಿ.

ಡೆನಿಸನ್ ದಾಸ:
ಲೀಡರ್ (ಗಾಳದ ಹತ್ತಿರ ಕಟ್ಟುವ ತುಂಡು ದಾರ) ಎಷ್ಟು ಪೌಂಡ್ ತಾಳುವಂಥದು? ನೂರಕ್ಕೆ ತೊಂಬತ್ತು ಸಲ ಇದೇ ಕಾರಣ.

ಕೆಂಪುಹೊಳೆ:
ದಾರ ಆಮೇಲೆ ನೋಡೋಣ. ನೀರು ಎಷ್ಟು ಅಡಿ ಆಳ? ಮೀನು ಎಷ್ಟು ಅಡಿಯಲ್ಲಿ ಕಾಣಿಸಿತು? ಗಾಳವನ್ನು ಎಷ್ಟು ಅಡಿಗೆ ಬಿಟ್ಟಿರಿ? ಮೇಲ್ನೀರಿನ ಉಷ್ಣಾಂಶ ಎಷ್ಟು? ಇವಿಷ್ಟನ್ನೂ ಬಿಟ್ಟು ಸಾರಿನ ಕತೆ ಮಾತ್ರ ಬರೆದಿದ್ದೀರಿ.

ಖಾಲಿಬುಟ್ಟಿ:
ಸೋನಾರ್ ಹೊಸದು ಸರ್, ಒಂಬತ್ತು ಇಂಚಿನ ಪರದೆ. ಯಂತ್ರದಲ್ಲಿ ದೋಷವಿಲ್ಲ. ಲೀಡರ್ 30 ಪೌಂಡ್ ಫ್ಲೋರೋಕಾರ್ಬನ್.

ಡೆನಿಸನ್ ದಾಸ:
ಹೇಳಲಿಲ್ಲವೇ! 30 ಎಂದರೆ ದಾರವಲ್ಲ ಸ್ವಾಮಿ, ಬಾವಿಯ ಹಗ್ಗ. ಅಣೆಕಟ್ಟಿನ ಹತ್ತಿರ ನೀರು ತಿಳಿಯಾಗಿರುತ್ತದೆ, ಮೀನಿಗೆ ಎಲ್ಲವೂ ಕಾಣುತ್ತದೆ. 15ಕ್ಕೆ ಇಳಿಯಿರಿ.

ತುಂಗಾತೀರ:
ನಮ್ಮ ಅಜ್ಜ ಕಾವೇರಿಯಲ್ಲಿ ರಾಗಿ ಹಿಟ್ಟಿನ ಉಂಡೆ ಹಾಕಿ ಮಹಶೀರ್ ಹಿಡಿಯುತ್ತಿದ್ದರು. ಸೋನಾರ್ ಇರಲಿಲ್ಲ, ಲೀಡರ್ ಇರಲಿಲ್ಲ. ಒಂದು ಉಂಡೆ ಇಳಿಸಿ ನೋಡಿ ಅಣ್ಣ.

ಕೆಂಪುಹೊಳೆ:
ಮಹಶೀರ್ ಉಂಡೆ ತಿನ್ನುತ್ತದೆ, ಸ್ಟ್ರೈಪರ್ ತಿನ್ನುವುದಿಲ್ಲ. ಇದು ಹಿಂಡು ಕಟ್ಟಿಕೊಂಡು ಶ್ಯಾಡ್‌ಗಳನ್ನು ಅಟ್ಟಿ ಹೊಡೆಯುವ ಬೇಟೆ ಮೀನು. ನನ್ನ ಪ್ರಶ್ನೆಗಳು ಹಾಗೇ ಉಳಿದಿವೆ.

ಬೀಸುಬಲೆ:
ದೋಣಿಯ ತಳವನ್ನು ಕುಟ್ಟಿ ನೋಡಿದಿರಾ? ಪೊರಕೆಯ ಕೋಲಿನಿಂದ ಧಡ್ ಧಡ್ ಎಂದು ಒಂದೇ ಲಯದಲ್ಲಿ ಹತ್ತು ನಿಮಿಷ. ಇಲ್ಲಿನ ಗೈಡ್‌ಗಳು ಅದಕ್ಕೆಂದೇ ಮೋಟಾರಿನ ಯಂತ್ರ ಇಟ್ಟುಕೊಂಡಿರುತ್ತಾರೆ. ಸದ್ದು ಕೇಳಿ ಹಿಂಡು ದೋಣಿಯ ಕೆಳಗೆ ಬರುತ್ತದೆ.

ಡೆನಿಸನ್ ದಾಸ:
ಕುಟ್ಟಿದರೆ ಮೀನು ಓಡಿಹೋಗುತ್ತದೆ. ಇದೆಲ್ಲ ಪ್ರವಾಸಿಗರನ್ನು ಮೆಚ್ಚಿಸುವ ನಾಟಕ.

ಬೀಸುಬಲೆ:
ದಾಸರೇ, ಹಿಂಡು ಕೆಳಗೆ ಬಂದು ನಿಂತದ್ದನ್ನು ನಾನು ಲೈವ್‌ಸ್ಕೋಪ್‌ನಲ್ಲಿ (ಮೀನಿನ ಚಲನೆಯನ್ನು ಆಗಿಂದಾಗಲೇ ತೋರಿಸುವ ಸೋನಾರ್) ಕಣ್ಣಾರೆ ನೋಡಿದ್ದೇನೆ. ಹೋದ ವರ್ಷ ಹಾಕಿಸಿದ್ದು. ಮುಂದುಗಡೆ 12 ಇಂಚು, ಹಿಂದುಗಡೆ 12 ಇಂಚು, ಜೊತೆಗೆ ಎರಡು ಲಿಥಿಯಂ ಬ್ಯಾಟರಿ. ಗಾಳ ಹತ್ತಿರ ಬಂದಾಗ ಮೀನು ತಲೆ ತಿರುಗಿಸುವುದೂ ಕಾಣುತ್ತದೆ.

ಡೆನಿಸನ್ ದಾಸ:
ನನ್ನದು ಹದಿನೈದು ವರ್ಷದ ಐದು ಇಂಚಿನ ಪರದೆ. ಮೇ ತಿಂಗಳಲ್ಲಿ ದಿನದ ಮಿತಿ ಹತ್ತು ಮೀನನ್ನು ಎಂಟೂವರೆಯೊಳಗೆ ಮುಗಿಸಿ ತಿಂಡಿಗೆ ಮನೆಯಲ್ಲಿದ್ದೆ. 15 ಪೌಂಡ್ ಲೀಡರ್.

ತುಂಗಾತೀರ:
ಹತ್ತರಲ್ಲಿ 20 ಇಂಚು ಅಥವಾ ಅದಕ್ಕಿಂತ ದೊಡ್ಡವು ಎರಡೇ ಇದ್ದವಲ್ಲವೇ ದಾಸರೇ? ಕಾಯಿದೆಯ ಪ್ರಕಾರ ಎರಡಕ್ಕಿಂತ ಹೆಚ್ಚು ಇಡುವಂತಿಲ್ಲ.

ಡೆನಿಸನ್ ದಾಸ:
ಅಳೆದುಕೊಂಡೇ ಇಟ್ಟುಕೊಂಡದ್ದು. ನಿಮಗೆ ಅನುಮಾನವೇ?

ಖಾಲಿಬುಟ್ಟಿ:
ಎಲ್ಲರೂ ಒಂದು ನಿಮಿಷ ನನ್ನ ಕಡೆ ನೋಡಿ. ಕೆಂಪುಹೊಳೆಯವರೇ, ಕ್ಷಮಿಸಿ, ಆಗಸ್ಟ್ ಎಂದ ಮೇಲೆ ಬಿಸಿಲು ಎಲ್ಲರಿಗೂ ಗೊತ್ತೇ ಇರುತ್ತದೆ ಎಂದುಕೊಂಡಿದ್ದೆ. ಮೇಲ್ನೀರು 86 ಡಿಗ್ರಿ ಫ್ಯಾರನ್‌ಹೀಟ್. ನಿಂತಿದ್ದು ಪ್ಲ್ಯಾಟರ್ ಫ್ಲ್ಯಾಟ್ಸ್ ಕಡೆಗೆ, 62 ಅಡಿ ನೀರು. ಕಮಾನುಗಳು 35ರಿಂದ 40 ಅಡಿಯಲ್ಲಿದ್ದವು. ಗಾಳವನ್ನು ತಳ ಮುಟ್ಟಿಸಿ ಎರಡು ಸುತ್ತು ಮೇಲೆತ್ತಿದ್ದೆ. ನಮ್ಮ ಊರ ಕೆರೆಯಲ್ಲಿ ಹಾಗೇ ಮಾಡುತ್ತಿದ್ದೆವು. ಅರ್ಧ ಗಂಟೆಗೊಮ್ಮೆ ಎತ್ತಿ ನೋಡಿದಾಗ ಶ್ಯಾಡ್ ಸತ್ತಿರುತ್ತಿತ್ತು, ಬದಲಾಯಿಸುತ್ತಿದ್ದೆ.

ಕೆಂಪುಹೊಳೆ:
ಶ್ಯಾಡ್ ಸತ್ತಿರುತ್ತಿತ್ತು! ಈ ಒಂದು ವಾಕ್ಯ ಮೊದಲೇ ಬರೆದಿದ್ದರೆ ನಾವು ಪೊರಕೆ, ರಾಗಿ ಎಲ್ಲವನ್ನೂ ದಾಟಿಬಿಡುತ್ತಿದ್ದೆವು.

ಬೇಸಿಗೆಯಲ್ಲಿ ಸರೋವರದ ನೀರು ಪದರ ಪದರವಾಗಿ ನಿಲ್ಲುತ್ತದೆ. ಮೇಲೆ ಬಿಸಿ ನೀರು, ಕೆಳಗೆ ತಣ್ಣನೆಯ ನೀರು, ನಡುವೆ ಉಷ್ಣಾಂಶ ಥಟ್ಟನೆ ಇಳಿಯುವ ಗಡಿ. ಅದನ್ನು ಥರ್ಮೋಕ್ಲೈನ್ ಎನ್ನುತ್ತಾರೆ. ಎರಡೂ ಬೆರೆಯುವುದಿಲ್ಲವಾದ್ದರಿಂದ ಕೆಳಗಿನ ಪದರದಲ್ಲಿ ಆಮ್ಲಜನಕ ಖರ್ಚಾಗುತ್ತದೆ, ಮತ್ತೆ ತುಂಬುವುದಿಲ್ಲ. ಸ್ಟ್ರೈಪರ್‌ಗೆ ತಂಪು ಬೇಕು, ಉಸಿರೂ ಬೇಕು. ಅದಕ್ಕೇ ಅದು ಗಡಿಯ ಸ್ವಲ್ಪ ಮೇಲೆ ಗುಂಪುಗೂಡಿ ನಿಲ್ಲುತ್ತದೆ. ನಿಮ್ಮ ಶ್ಯಾಡ್ ಅದರ ಇಪ್ಪತ್ತು ಅಡಿ ಕೆಳಗೆ, ಉಸಿರು ಕಟ್ಟುವ ನೀರಿನಲ್ಲಿ ತೂಗುತ್ತಿತ್ತು. ಸ್ಟ್ರೈಪರ್ ತನ್ನ ಮೇಲಿರುವುದನ್ನು ನೋಡಿ ಏರಿ ಹೊಡೆಯುವ ಮೀನು. ಕೆಳಗೆ ಸತ್ತು ತೂಗುತ್ತಿರುವುದಕ್ಕಾಗಿ ಆ ನೀರಿಗೆ ಇಳಿಯುವುದಿಲ್ಲ.

ಸೋನಾರಿನ ಸೆನ್ಸಿಟಿವಿಟಿಯನ್ನು (ಸೂಕ್ಷ್ಮತೆ) ಕೈಯಿಂದ ಏರಿಸುತ್ತಾ ಹೋಗಿ. ಸುಮಾರು 40ರಿಂದ 50 ಅಡಿಯ ನಡುವೆ ಬೂದು ಬಣ್ಣದ ಮಬ್ಬು ಪಟ್ಟಿ ಕಾಣಿಸಬೇಕು, ಅದೇ ಥರ್ಮೋಕ್ಲೈನ್. ಮೀನಿನ ಚಿತ್ರ ತೋರಿಸುವ ಆಯ್ಕೆಯನ್ನು ಆಫ್ ಮಾಡಿಬಿಡಿ, ಅದು ಕಸಕ್ಕೂ ಬಾಲ ಬರೆಯುತ್ತದೆ. ಟ್ರಾನ್ಸ್‌ಡ್ಯೂಸರ್ (ನೀರಿಗೆ ಸದ್ದು ಕಳಿಸಿ ಪ್ರತಿಧ್ವನಿ ಹಿಡಿಯುವ ಭಾಗ) ಎಲ್ಲಿದೆ? ನೀವು ಎಲ್ಲಿ ಕೂತು ಗಾಳ ಬಿಡುತ್ತೀರಿ?

ಖಾಲಿಬುಟ್ಟಿ:
ಟ್ರಾನ್ಸ್‌ಡ್ಯೂಸರ್ ಹಿಂದೆ, ಎಂಜಿನ್ ಪಕ್ಕ. ನಾನು ಕೂರುವುದು ಮುಂದೆ. ಹಿಂದೆ ಮಗನ ಕುರ್ಚಿ ಇದೆ.

ಕೆಂಪುಹೊಳೆ:
ನೋಡಿ ಮತ್ತೆ. ಅದರ ಸದ್ದು 20 ಡಿಗ್ರಿಯ ಶಂಕುವಾಗಿ ಹರಡುವುದಾದರೆ 60 ಅಡಿ ಆಳದಲ್ಲಿ ಅದು ನೋಡುವ ವೃತ್ತ ಸುಮಾರು 21 ಅಡಿ ಅಗಲ. ಮೀನು ನಿಂತಿರುವ 38 ಅಡಿಯಲ್ಲಿ ಹದಿಮೂರೇ ಅಡಿ. ನೀವು ಹದಿನೆಂಟು ಅಡಿ ಮುಂದೆ ಗಾಳ ಬಿಟ್ಟು ಹಿಂದಿನ ಪರದೆ ನೋಡಿದರೆ ಪಕ್ಕದ ಮನೆಯ ಕಿಟಕಿಯಲ್ಲಿ ನಿಮ್ಮ ಮಗುವನ್ನು ಹುಡುಕಿದ ಹಾಗೆ. ಹಿಂದೆ ಹೋಗಿ ಬಿಡಿ. ಎರಡು ಔನ್ಸ್ ಸೀಸ ಇಳಿಯುವಾಗ ಪರದೆಯ ಮೇಲೆ ಓರೆ ಗೆರೆಯಾಗಿ ಕಾಣುತ್ತದೆ. ಕಮಾನಿಗಿಂತ ಮೂರು ನಾಲ್ಕು ಅಡಿ ಮೇಲೆ ನಿಲ್ಲಿಸಿ.

ಡೆನಿಸನ್ ದಾಸ:
ಇವೆಲ್ಲ ಸರಿ. ಆದರೂ 30 ಪೌಂಡ್ ಜಾಸ್ತಿಯೇ.

ಬೀಸುಬಲೆ:
ಶ್ಯಾಡ್ ತೊಟ್ಟಿ ದುಂಡಗಿದೆಯೇ, ಚೌಕವಾಗಿದೆಯೇ? ಚೌಕ ತೊಟ್ಟಿಯ ಮೂಲೆಗೆ ಮೂತಿ ಗುದ್ದಿಕೊಂಡು ಮೂಗು ಕೆಂಪಾಗಿದ್ದರೆ ಆ ಮೀನು ಗಾಳಕ್ಕೆ ಹೋಗುವ ಮೊದಲೇ ಅರ್ಧ ಸತ್ತಿದೆ. ಅಂಗೈಯಲ್ಲಿ ಹಿಡಿದಾಗ ಬೆಳ್ಳಿಯ ಪುಡಿಯಂತೆ ಮೈಯ ಹುರುಪೆ ಉದುರಿದರೂ ಅಷ್ಟೇ. ಮನೆಯ ನಲ್ಲಿ ನೀರು ಹಾಕಬೇಡಿ, ಕ್ಲೋರಿನ್ ಕೊಲ್ಲುತ್ತದೆ. ಸರೋವರದ್ದೇ ನೀರು, ಕಲ್ಲುಪ್ಪು, ಗಾಳಿ.

ಖಾಲಿಬುಟ್ಟಿ:
ತೊಟ್ಟಿ ಚೌಕ. ಮೂಗು ಕೆಂಪು. ಅದು ಆ ಮೀನಿನ ಬಣ್ಣವೇ ಎಂದುಕೊಂಡಿದ್ದೆ.

ತುಂಗಾತೀರ:
ಅಣ್ಣ, ರಾಗಿ ಉಂಡೆಗೆ ಮೂಗೇ ಇರುವುದಿಲ್ಲ.

ಖಾಲಿಬುಟ್ಟಿ:
ಭಾನುವಾರ ಸಂಜೆಯ ವರದಿ. ಪಟ್ಟಿ 44 ಅಡಿಯಲ್ಲಿ ಕಾಣಿಸಿತು, ಬೂದಿ ಎಳೆದ ಹಾಗೆ. ಹಿಂದೆ ಕೂತು 34 ಅಡಿಗೆ ನಿಲ್ಲಿಸಿದೆ. ದುಂಡನೆಯ ಡ್ರಮ್ಮಿನಲ್ಲಿ ಶ್ಯಾಡ್ ಚುರುಕಾಗಿತ್ತು. ಲೀಡರ್ 20 ಪೌಂಡ್. ನಾನು ಬೇಡವೆಂದರೂ ಕೇಳದೆ ಮಗ ಪೊರಕೆಯಿಂದ ದೋಣಿ ಕುಟ್ಟಿದ. ಬೆಳಿಗ್ಗೆ ಒಂಬತ್ತರವರೆಗೆ ಏನೂ ಇಲ್ಲ. ಆಮೇಲೆ ಪರದೆಯಲ್ಲಿ ಒಂದು ಕಮಾನು ಬಾಲ ಮೇಲೆತ್ತಿ ಓರೆ ಗೆರೆಯಾಯಿತು, ಅದೇ ಗಳಿಗೆಯಲ್ಲಿ ಗಾಳದ ಕೋಲು ನೀರಿನವರೆಗೆ ಬಾಗಿತು. ಒಟ್ಟು ನಾಲ್ಕು ಮೀನು, ದೊಡ್ಡದು 19 ಇಂಚು. ಕೊನೆಯ ಒಂದನ್ನು ನೀರಿಗೆ ಬಿಟ್ಟೆ.

ಡೆನಿಸನ್ ದಾಸ:
20 ಪೌಂಡ್! ಲೀಡರ್ ಬದಲಾಯಿಸಿದ ದಿನವೇ ಸಿಕ್ಕಿತು, ಗಮನಿಸಿ.

ಬೀಸುಬಲೆ:
ಕುಟ್ಟಿದ ದಿನವೇ ಸಿಕ್ಕಿತು, ಅದನ್ನೂ ಗಮನಿಸಿ.

ಕೆಂಪುಹೊಳೆ:
ಒಂದೇ ದಿನ ಐದು ಬದಲಾವಣೆ ಮಾಡಿದಿರಿ, ಇನ್ನು ಇವರಿಬ್ಬರೂ ಸುಮ್ಮನಿರುವುದಿಲ್ಲ. ಒಂಬತ್ತಕ್ಕೆ ಕಚ್ಚಲು ಶುರುವಾಯಿತೆಂದರೆ ಅಣೆಕಟ್ಟಿನಿಂದ ನೀರು ಬಿಟ್ಟಿರಬಹುದೇ, ವೇಳಾಪಟ್ಟಿ ನೋಡಿ. ವಿದ್ಯುತ್ತಿಗಾಗಿ ನೀರು ಹರಿಸಿದಾಗ ಸೆಳೆತ ಹುಟ್ಟಿ ಮೀನು ಚುರುಕಾಗುತ್ತದೆ. ಇನ್ನೊಂದು ಮಾತು: ಆಗಸ್ಟಿನಲ್ಲಿ ಆಳದಿಂದ ಎಳೆದ ಸ್ಟ್ರೈಪರ್ ಅನ್ನು ಬಿಸಿನೀರಿಗೆ ಬಿಟ್ಟರೆ ಹೆಚ್ಚಿನವು ಬದುಕುವುದಿಲ್ಲ. ಬೇಕಾದಷ್ಟು ಹಿಡಿದು ನಿಲ್ಲಿಸಿ, ಬಿಡುವ ಪುಣ್ಯ ಈ ತಿಂಗಳು ಬೇಡ.

ಖಾಲಿಬುಟ್ಟಿ:
ಅಯ್ಯೋ, ಅದು ಗೊತ್ತಿರಲಿಲ್ಲ. ಉಳಿದ ಮೂರು ಸಾರಾದವು. ನೀರು ಬಿಟ್ಟಿದ್ದರೋ ಇಲ್ಲವೋ ನೋಡಿರಲಿಲ್ಲ, ಈ ಶನಿವಾರ ನೋಡುತ್ತೇನೆ.

ಬೀಸುಬಲೆ:
ಡ್ರಮ್ಮು ಎಷ್ಟು ಗ್ಯಾಲನ್? ನನ್ನದು 50, ಒಳಗೆ ನೀಲಿ ದೀಪವೂ ಇದೆ. ಚಿತ್ರ ಹಾಕುತ್ತೇನೆ ತಡೆಯಿರಿ.