ಪಿಚಿಂಗ್ ಕೋಚ್ ಅಂದರೆ ಪಿಚ್‌ಗೆ ನೀರು ಹಾಕುವವರಾ?

ಎಲ್ಲರಿಗೂ ನಮಸ್ಕಾರ.

ಬೇಸ್‌ಬಾಲ್‌ನ ‘ಪಿಚಿಂಗ್ ಕೋಚ್’ ಅನ್ನುವುದಕ್ಕೆ ನನಗೆ ಒಂದು ಕನ್ನಡ ಪದ ಬೇಕಾಗಿದೆ. ಯಾಕೆ ಬೇಕಾಯಿತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ತಿಂಗಳು ಒಂದು ಪತ್ರಿಕೆಗೆ ವೆಸ್ ಜಾನ್ಸನ್ ಅವರ ಬಗ್ಗೆ ಪುಟ್ಟ ಲೇಖನ ಬರೆದುಕೊಟ್ಟಿದ್ದೆ. ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಪಿಚಿಂಗ್ ಕೋಚ್ ಆಗಿ, ಅಂದರೆ ಚೆಂಡು ಎಸೆಯುವವರನ್ನು ತಿದ್ದಿ ತಯಾರು ಮಾಡುವವರಾಗಿ, ದೊಡ್ಡ ಹೆಸರು ಮಾಡಿದವರು ಅವರು. ಅಚ್ಚಾಗಿ ಬಂದ ಮೇಲೆ ನೋಡಿದರೆ, ನಾನು ಪಿಚಿಂಗ್ ಕೋಚ್ ಅಂತ ಬರೆದ ಕಡೆಯೆಲ್ಲ ‘ಪಿಚ್ ಸಿದ್ಧಪಡಿಸುವ ತಜ್ಞ’ ಅಂತ ಆಗಿತ್ತು. ಪುಟ ತಿದ್ದಿದವರು ಕ್ರಿಕೆಟ್ ಬಲ್ಲವರು, ಪಾಪ. ಅವರ ಕಣ್ಣಿಗೆ ರೋಲರ್ ಎಳೆಸಿ, ಹುಲ್ಲು ಕತ್ತರಿಸಿ, ಸಂಜೆ ಪೈಪ್ ಹಿಡಿದು ನೀರು ಬಿಡುವ ಮನುಷ್ಯ ಕಂಡಿದ್ದಾನೆ. ನನ್ನ ಅಕ್ಕನ ಮಗ ಅಮೆರಿಕದ ಬ್ಯಾಟನ್ ರೂಜ್‌ನಲ್ಲಿ, ಜಾನ್ಸನ್ ಕಪ್ ಗೆಲ್ಲಿಸಿದ ಎಲ್‌ಎಸ್‌ಯು ಇರುವ ಊರಿನಲ್ಲಿ, ಓದಿದವನು. ಪುಟದ ಫೋಟೊ ಕಳಿಸಿದೆ. “ಮಾಮ, ಕಪ್ ಗೆಲ್ಲಿಸಿದವರನ್ನ ಪಿಚ್‌ಗೆ ನೀರು ಹಾಕೋಕೆ ಕಳಿಸಿಬಿಟ್ರಲ್ಲ!” ಅಂತ ನಕ್ಕೂ ನಕ್ಕೂ ಸುಸ್ತಾದ.

ತಪ್ಪು ಪೂರ್ತಿ ತಿದ್ದಿದವರದ್ದೇನೂ ಅಲ್ಲ. ನಮಗೆ ಪಿಚ್ ಅಂದರೆ 22 ಗಜದ ನೆಲ. ಚೆಂಡು ನೆಲಕ್ಕೆ ಬಿದ್ದು ಎದ್ದರೆ ಅದೂ ‘ಪಿಚ್ ಆಯ್ತು’. ಬೇಸ್‌ಬಾಲ್‌ನಲ್ಲಿ ಉಲ್ಟಾ. ಅಲ್ಲಿ ಪಿಚ್ ಅಂದರೆ ಎಸೆತ, ಅದೂ ನೆಲ ಮುಟ್ಟದೆ ನೇರವಾಗಿ ಹೋಗುವ ಎಸೆತ. ನೆಲಕ್ಕೆ ಬಿತ್ತೆಂದರೆ ಸಾಮಾನ್ಯವಾಗಿ ಎಸೆದವನಿಗೇ ನಷ್ಟ.

ಹಾಗಾದರೆ ‘ಬೌಲಿಂಗ್ ಕೋಚ್’ ಅಂದುಬಿಟ್ಟರೆ ಆಯ್ತಲ್ಲ ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಬೌಲಿಂಗ್ ಕೋಚ್ ಅಂದ ಕೂಡಲೇ ಕನ್ನಡದವರಿಗೆ ವೆಂಕಟೇಶ್ ಪ್ರಸಾದ್ ನೆನಪಾಗುತ್ತಾರೆ, ಅರ್ಥ ತಟ್ಟನೆ ಮುಟ್ಟುತ್ತದೆ, ನಿಜ. ಆದರೆ ಕೆಲಸ ಬೇರೆ. ಕ್ರಿಕೆಟ್‌ನಲ್ಲಿ ಎಸೆಯುವಾಗ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೆಟ್ಟಗಾಗುವಂತಿಲ್ಲ. ‘ಅವನು ಥ್ರೋ ಮಾಡ್ತಾನೆ’ ಅಂದರೆ ಬೈಗುಳವೇ ಸರಿ. ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವ ಪಿಚರ್‌ನ ಕೆಲಸವೇ ಥ್ರೋ. ಅವನಿಗೆ ಓಡಿ ಬರುವ ಅವಕಾಶ ಇಲ್ಲ. 10 ಇಂಚು ಎತ್ತರದ ಮಣ್ಣಿನ ದಿಬ್ಬದ ಮೇಲೆ ಒಂದು ರಬ್ಬರ್ ಪಟ್ಟಿ ಇರುತ್ತದೆ. ಒಂದು ಕಾಲನ್ನು ಅದಕ್ಕೆ ಆನಿಸಿ, ಇನ್ನೊಂದನ್ನು ಎದೆಮಟ್ಟಕ್ಕೆ ಎತ್ತಿ, ಸೊಂಟ ತಿರುಗಿಸಿ, ಕೊನೆಗೆ ಚಾಟಿ ಬೀಸಿದ ಹಾಗೆ ತೋಳು ಬೀಸುತ್ತಾನೆ. ಅಲ್ಲಿಂದ ಬ್ಯಾಟ್ ಹಿಡಿದವನ ಮುಂದಿನ ಪ್ಲೇಟ್‌ಗೆ 60 ಅಡಿ 6 ಇಂಚು. 1893ರಿಂದ ಈ ಅಳತೆ ಬದಲಾಗಿಲ್ಲ. ತಮಾಷೆ ಏನೆಂದರೆ ಮೊದಮೊದಲು ಅವರೂ ಹೀಗೆ ಎಸೆಯುತ್ತಿರಲಿಲ್ಲ. ಕೈಯನ್ನು ಕೆಳಗಿನಿಂದ ತೂಗಿ ಚೆಂಡು ಬಿಡಬೇಕಿತ್ತು. ಪಿಚ್ ಅನ್ನುವ ಹೆಸರು ಆ ಕಾಲದ್ದು. ಅಲ್ಲಿನ ವೃತ್ತಿಪರ ನ್ಯಾಷನಲ್ ಲೀಗ್ 1884ರಲ್ಲಿ ಕೈ ಮೇಲೆತ್ತಿ ಎಸೆಯಲು ಬಿಟ್ಟಿತು. ಎಸೆತ ಬದಲಾಯಿತು, ಹೆಸರು ಮಾತ್ರ ಹಳೆಯದೇ ಉಳಿಯಿತು.

ಇನ್ನು ಕನ್ನಡದ ಕಡೆ ಬರೋಣ. ಎಸೆಯುವುದಕ್ಕೆ ನಮ್ಮಲ್ಲಿ ಪದಗಳಿಗೆ ಬರವೇ? ಎಸೆ, ಬೀಸು, ತೂರು, ಒಗೆ, ಬಿಸಾಕು. ಆದರೆ ಒಂದೊಂದಕ್ಕೂ ಒಂದೊಂದು ತೊಡಕು. ಬಿಸಾಕಿದ್ದು ಕಸದ ಬುಟ್ಟಿಗೆ ಹೋಗುತ್ತದೆ. ‘ತೂರು’ ಅಂದರೆ ಕಣದಲ್ಲಿ ರಾಗಿ ತೂರುವುದು, ಇಲ್ಲವೇ ಗಲಾಟೆಯಲ್ಲಿ ಕಲ್ಲು ತೂರುವುದು. ‘ಒಗಿ’ ಧಾರವಾಡದ ಕಡೆ ಚೆನ್ನಾಗಿ ಒಪ್ಪುತ್ತದೆ, ಬೆಂಗಳೂರಿನಲ್ಲಿ ಒಗೆತದ ಕೋಚ್ ಅಂದರೆ ಬಟ್ಟೆ ಸೋಪು ತಂದುಕೊಡುತ್ತಾರೆ. ಗಲ್ಲಿ ಕ್ರಿಕೆಟ್‌ನಲ್ಲಿ ‘ಬಾಲ್ ಹಾಕು’ ಅನ್ನುತ್ತೇವೆ, ಅದು ಈ ವೇಗಕ್ಕೆ ತೀರಾ ಮೆತ್ತಗಾಯಿತು.

ಉಳಿದದ್ದು ‘ಎಸೆ’. ಹಳಗನ್ನಡದಲ್ಲಿ ‘ಎಸು’ ಅಂದರೆ ಬಾಣ ಬಿಡುವುದು. ಬಾಣ ಬಿಟ್ಟನು ಅನ್ನುವುದಕ್ಕೆ ‘ಎಚ್ಚಂ’ ಅಂತ ಬರುತ್ತದಲ್ಲ, ಅದೇ. ಬಾಣ ಬಿಡುವ ಕೆಲಸಕ್ಕೆ ‘ಎಸುಗೆ’. ಅಂದರೆ ಈ ಪದದ ಹೊಟ್ಟೆಯಲ್ಲೇ ಗುರಿ ಇದೆ. ಪಿಚರ್‌ಗೆ ಬೇಕಾಗಿರುವುದೂ ಅದೇ ಅಲ್ವಾ? ಹಾಗಾಗಿ ಎಸೆದವನು ‘ಎಸೆಗಾರ’, ಕೆಲಸ ‘ಎಸುಗೆ’ ಅನ್ನಬಹುದೇ ಅಂತ ಯೋಚಿಸಿದೆ. ‘ಎಸೆತ’ ಅಂತಲೇ ಇಡೋಣ ಅಂದರೆ ‘50 ಎಸೆತಗಳಲ್ಲಿ 72 ರನ್’ ಅಂತ ಕ್ರಿಕೆಟ್‌ನವರು ಆಗಲೇ ಹಿಡಿದುಕೊಂಡು ಕೂತಿದ್ದಾರೆ.

ಕೋಚ್ ಅನ್ನುವುದು ಇನ್ನೊಂದು ರಗಳೆ. ‘ಕಾಲೇಜಿನ ಕೋಚ್’ ಅಂತ ಬರೆದರೆ ನಮ್ಮವರಿಗೆ ಕೊರಳಲ್ಲಿ ಸೀಟಿ ಹಾಕಿಕೊಂಡ ಪಿ.ಟಿ. ಮೇಷ್ಟ್ರು ಕಾಣುತ್ತಾರೆ. ಸರ್ಕಾರಿ ಭಾಷೆಯಲ್ಲಾದರೆ ದೈಹಿಕ ಶಿಕ್ಷಣ ನಿರ್ದೇಶಕರು. ಒಂದು ಕಾಲೇಜು ಸೇರಿದರೆ ಅಲ್ಲೇ ನಿವೃತ್ತಿ. ಜಾನ್ಸನ್ ಕಥೆ ನೋಡಿ. ಅರ್ಕನ್ಸಾ ರಾಜ್ಯದ ಹೈಸ್ಕೂಲುಗಳಲ್ಲಿ ಶುರು ಮಾಡಿದರು. ಡಲ್ಲಾಸ್ ಬ್ಯಾಪ್ಟಿಸ್ಟ್ ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ. 2016ರಲ್ಲಿ ಮಿಸಿಸಿಪಿ ಸ್ಟೇಟ್. ಮುಂದಿನ ವರ್ಷವೇ ಅರ್ಕನ್ಸಾ ವಿಶ್ವವಿದ್ಯಾಲಯ. 2018ರಲ್ಲಿ ಆ ತಂಡ ಕಾಲೇಜು ಚಾಂಪಿಯನ್‌ಶಿಪ್‌ನ ಫೈನಲ್‌ಗೆ ಹೋಗಿ ಒರೆಗಾನ್ ಸ್ಟೇಟ್ ಎದುರು ಸೋತಿತು. ಗೆಲುವಿಗೆ ಒಂದೇ ಔಟ್ ಬೇಕಿದ್ದಾಗ ಮೇಲೆ ಹಾರಿದ ಸುಲಭದ ಚೆಂಡು ಮೂವರು ಆಟಗಾರರ ನಡುವೆ ನೆಲಕ್ಕೆ ಬಿತ್ತು. ಆ ವರ್ಷದ ಕೊನೆಗೆ ಅವರನ್ನು ಮೇಜರ್ ಲೀಗ್‌ನ, ಅಂದರೆ ಅಮೆರಿಕದ ಅತಿ ದೊಡ್ಡ ವೃತ್ತಿಪರ ಲೀಗ್‌ನ, ಮಿನೆಸೋಟ ಟ್ವಿನ್ಸ್ ತಂಡ ಕರೆದುಕೊಂಡಿತು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಒಂದು ದಿನವೂ ಕೆಲಸ ಮಾಡದವರನ್ನು ಕಾಲೇಜಿನಿಂದ ಎತ್ತಿ ನೇರ ಮೇಜರ್ ಲೀಗ್‌ನಲ್ಲಿ ಪಿಚಿಂಗ್ ಕೋಚ್ ಮಾಡುವುದು ಬಲು ಅಪರೂಪ. 2019ರಲ್ಲಿ ಟ್ವಿನ್ಸ್ 101 ಪಂದ್ಯ ಗೆದ್ದಿತು.

ಆಮೇಲೆ 2022ರ ಜೂನ್‌ನಲ್ಲಿ, ಸೀಸನ್ ಇನ್ನೂ ನಡೆಯುತ್ತಿರುವಾಗಲೇ, ಜಾನ್ಸನ್ ಮತ್ತೆ ಕಾಲೇಜಿಗೆ ಹೊರಟರು. ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ, ಅಂದರೆ ಎಲ್‌ಎಸ್‌ಯುಗೆ. ಮೇಜರ್ ಲೀಗ್ ಬಿಟ್ಟು ಕಾಲೇಜಿಗೆ ಹೋದರೆ ನಮ್ಮ ಲೆಕ್ಕದಲ್ಲಿ ಹಿಂಬಡ್ತಿ. ಅಲ್ಲಿ ಹಾಗಲ್ಲ, ಸಂಬಳವೂ ಜಾಸ್ತಿ. ಅಲ್ಲಿನ ಮುಖ್ಯ ಕೋಚ್ ಹೆಸರು ಜೇ ಜಾನ್ಸನ್. ಇಬ್ಬರಿಗೂ ನೆಂಟಸ್ತಿಕೆ ಇಲ್ಲ. ನನ್ನ ಲೇಖನದಲ್ಲಿ ಒಂದು ಕಡೆ ಇಬ್ಬರೂ ಒಬ್ಬರೇ ಆಗಿಹೋಗಿದ್ದರು, ಅದು ಮಾತ್ರ ನನ್ನದೇ ತಪ್ಪು.

ಆ ಹೊತ್ತಿಗೇ ಪಾಲ್ ಸ್ಕೀನ್ಸ್ ಅನ್ನುವ ಹುಡುಗ ಏರ್ ಫೋರ್ಸ್ ಅಕಾಡೆಮಿ ಬಿಟ್ಟು ಅಲ್ಲಿಗೆ ಬಂದಿದ್ದ. ಮೊದಲ ಕಾಲೇಜಿನಲ್ಲಿ ಅವನು ಚೆಂಡು ಎಸೆಯುತ್ತಲೂ ಇದ್ದ, ಪ್ಲೇಟ್ ಹಿಂದೆ ಕೂತು ಹಿಡಿಯುತ್ತಲೂ ಇದ್ದ. 2023ರಲ್ಲಿ ವೆಸ್ ಜಾನ್ಸನ್ ಕೈಕೆಳಗೆ 209 ಸಲ ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿ (ಮೂರು ಸ್ಟ್ರೈಕ್‌ಗೆ ಔಟ್), ಎಲ್‌ಎಸ್‌ಯು ಆಡುವ ಎಸ್‌ಇಸಿ ಅನ್ನುವ ಕಾಲೇಜು ಲೀಗ್‌ನಲ್ಲಿ 1989ರಿಂದ ಇದ್ದ 202ರ ದಾಖಲೆ ಮುರಿದ. ಓಮಾಹದಲ್ಲಿ ನಡೆದ ಕಾಲೇಜು ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಎಲ್‌ಎಸ್‌ಯು ಫ್ಲೋರಿಡಾವನ್ನು ಕೊನೆಯ ಪಂದ್ಯದಲ್ಲಿ 18-4ರಿಂದ ಹೊಡೆದು ಕಪ್ ಎತ್ತಿತು. ಮೇಜರ್ ಲೀಗ್ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮರುತಿಂಗಳ ಡ್ರಾಫ್ಟ್‌ನಲ್ಲಿ ಮೊದಲ ಹೆಸರೇ ಸ್ಕೀನ್ಸ್. ವೆಸ್ ಜಾನ್ಸನ್ ಅವರನ್ನು ಜಾರ್ಜಿಯಾ ವಿಶ್ವವಿದ್ಯಾಲಯ ಮುಖ್ಯ ಕೋಚ್ ಅಂತ ಅಷ್ಟರಲ್ಲಾಗಲೇ ಆರಿಸಿತ್ತು. ಆದರೂ ಕಪ್ ಕೈಗೆ ಬರುವವರೆಗೆ ಅವರು ಎಲ್‌ಎಸ್‌ಯು ಬಿಟ್ಟು ಕದಲಲಿಲ್ಲ.

ಇಷ್ಟೆಲ್ಲ ಮಾಡುವವರಿಗೆ ‘ತರಬೇತುದಾರ’ ಅಂದರೆ ಬಾಯಿಗೆ ರುಚಿ ಹತ್ತುವುದಿಲ್ಲ. ಡ್ರೈವಿಂಗ್ ಕಲಿಸುವವರೂ ತರಬೇತುದಾರರೇ. ಅಕ್ಕನ ಮಗ ಒಂದು ವಿಡಿಯೊ ತೋರಿಸಿದ. ಪಿಚರ್ ಹದ ತಪ್ಪುತ್ತಿದ್ದಾನೆ ಅನ್ನಿಸಿದಾಗ ಕೋಚ್ ಎದ್ದು ನಿಧಾನಕ್ಕೆ ದಿಬ್ಬದವರೆಗೆ ನಡೆದು ಹೋಗುತ್ತಾರೆ. ಪಿಚರ್ ಗ್ಲೌಸ್‌ನಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ, ತುಟಿ ನೋಡಿ ಎದುರಾಳಿಗಳು ಮಾತು ಹಿಡಿಯಬಾರದಲ್ಲ. ಎರಡೇ ಮಾತು, ಬೆನ್ನ ಮೇಲೊಂದು ಏಟು, ವಾಪಸ್. ಮುಂದಿನ ಎಸೆತ ಯಾವುದು ಅಂತ ಹೇಳುವವರೂ ಕಾಲೇಜಿನಲ್ಲಿ ಬಹಳ ಸಲ ಇವರೇ. ಮೊದಲೆಲ್ಲ ಕಿವಿ, ಮೂಗು, ಟೋಪಿ ಮುಟ್ಟಿ ಸನ್ನೆ ಮಾಡುತ್ತಿದ್ದರು. ಈಗ ಮಣಿಕಟ್ಟಿನ ಸಣ್ಣ ಪರದೆಗೆ ಸಂದೇಶ ಹೋಗುತ್ತದೆ. ಚೆಂಡಿನ ಹೊಲಿಗೆಯ ಮೇಲೆ ಬೆರಳು ಒಂದು ಕೂದಲೆಳೆ ಆಚೆ ಈಚೆ ಆದರೂ ತಿರುವು ಬದಲಾಗುತ್ತದೆ. ಅದನ್ನು ಕೈ ಹಿಡಿದು ತಿದ್ದುವುದು ಇವರ ಕೆಲಸ.

ಆ ಏಟು ನೋಡಿದಾಗ ನನಗೆ ಗರಡಿಮನೆ ನೆನಪಾಯಿತು. ಮಟ್ಟಿಯ ಪಕ್ಕ ನಿಂತು “ಕಾಲು ಹಾಕೋ, ಪಟ್ಟು ಬಿಡಬೇಡ” ಅನ್ನುವ ಉಸ್ತಾದ್. ಮೈಸೂರಿನ ಕಡೆ ‘ವಸ್ತಾದ್’ ಅಂತಲೂ ಕೇಳಿದ್ದೇನೆ. ‘ಇಂಥವರ ಗರಡಿಯಲ್ಲಿ ಪಳಗಿದವನು’ ಅಂತ ಯಾರ ಬಗ್ಗೆ ಬೇಕಾದರೂ ಹೇಳುತ್ತೇವೆ. ‘ಎಸುಗೆಯ ಉಸ್ತಾದ್’ ಅಂದರೆ ಹೇಗೆ? ಹಳಗನ್ನಡದ ಪಕ್ಕ ಉಸ್ತಾದ್ ಅನ್ನು ಕೂರಿಸಿದರೆ ಕೆಲವರು ಮುಖ ಸಿಂಡರಿಸಬಹುದು. ನನಗೇನೋ ಜೋಡಿ ಚೆನ್ನಾಗಿ ಕಾಣುತ್ತಿದೆ. ಆದರೆ ಓದುವವರಿಗೆ ‘ಎಸುಗೆ’ ಗೊತ್ತಾಗುತ್ತಾ ಅನ್ನುವುದೇ ಅನುಮಾನ.

ಎರಡು ವಿಷಯ ತಿಳಿಸಿದರೆ ಉಪಕಾರ. ‘ಎಸುಗೆ’ ಅಥವಾ ಅದಕ್ಕೆ ಹತ್ತಿರದ ಮಾತು ಈಗಲೂ ಯಾರ ಮನೆಮಾತಿನಲ್ಲಾದರೂ ಇದೆಯಾ? ಇನ್ನು, ಜೋಳದ ಹೊಲದಲ್ಲಿ ಅಟ್ಟ ಹತ್ತಿ ಕವಣೆ ಬೀಸಿ ಹಕ್ಕಿ ಓಡಿಸುವುದನ್ನು ಕಂಡವರು ಇಲ್ಲಿ ಇದ್ದೀರಿ. ಗುರಿಯಿಟ್ಟು ಬೀಸುವವನಿಗೆ ನಿಮ್ಮ ಕಡೆ ಏನನ್ನುತ್ತಿದ್ದರು? ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ ಅಂದಿದ್ದಾರೆ. ಗುರುವಾರದೊಳಗೆ ಪದ ಕೊಡದಿದ್ದರೆ ‘ಬೌಲಿಂಗ್ ಕೋಚ್’ ಅಂತಲೇ ಹಾಕಿಬಿಡುತ್ತಾರಂತೆ.